ಅಪ್ಪ ನೋಡದ ಕಾರ್ಟೂನು

ಲೇ ಅಮ್ರ್ಯಾ,

ನಾ ಲಿಂಗಸುಗೂರು ಬಸ್ಸಿಗೆ ಹೊಂಟೀನಿ. ರೊಟ್ಟಿ ಬುಟ್ಟ್ಯಾಗ ಅದಾವ. ಅಪ್ಪಂಗ ಪಲ್ಲೆ ಬಿಸಿ ಮಾಡಿ ಹಾಕು.

ಸಣ್ಣವರಿದ್ದಾಗ ಐತವಾರ ನೋಡ್ತಿದ್ವಲ್ಲ, ಆ ಹಾರೋ ಹೀರೋನ ಕಾರ್ಟೂನು ಫೋನಿನ್ಯಾಗ ಸಿಕ್ಕೈತಿ. ಅಂವ ತಾನು ಹುಡುಗ ಇದ್ದಾಗ ಮೆಚ್ಚಿದ್ದ ಹಳೇ ಹೀರೋನ್ನ, ಈಗ ಮುದುಕ ಆದಾಂವನ್ನ, ಹುಡುಕ್ಕೊಂಡು ಹೋಗೋ ಕತಿ. ನಿನ್ನೆ ನೋಡಿ ಅತ್ತುಬಿಟ್ಟೆ. ನಗಬ್ಯಾಡ. ನನ್ನ ದುಪಟ್ಟಾ ಕೊರಳಿಗೆ ಕಟ್ಕೊಂಡು ಭತ್ತದ ಚೀಲದ ಮ್ಯಾಲಿಂದ ಹಾರಿ ಹಲ್ಲು ಮುರ್ಕೊಂಡಾಂವ ನೀನ.

ಇವತ್ತು ಅದನ್ನ ಟೀವಿಗೆ ಹಾಕಿ ಅಪ್ಪಂಗ ತೋರ್ಸು. ಆಗ ಪ್ರತಿ ವಾರ ಅಂವ ಮಾಳಿಗಿ ಮ್ಯಾಲ, ಬಿಸಲಾಗ, ಆಂಟೆನಾ ಹಿಡ್ಕೊಂಡು ನಿಂತಿರ್ತಿದ್ದ. "ಬಂತೇನ್ರಲೇ?" ಅಂತಿದ್ದ. "ಬಂತು, ಕೈ ಬಿಡಬ್ಯಾಡ!" ಅಂತ ನೀ ಒದರ್ತಿದ್ದಿ. ಕೈ ಬಿಟ್ರ ಚಿತ್ರ ಹೋಗ್ತಿತ್ತು. ಹಿಂಗಾಗಿ ಪುಣ್ಯಾತ್ಮ ಒಂದೂ ನೋಡಿಲ್ಲ. ಇಳಿದು ಬಂದು "ಯಾರು ಗೆದ್ರು?" ಅಂತ ಕೇಳಿದ್ರ, ನಾವು ಹೇಳದ ಆಡಾಕ ಓಡ್ತಿದ್ವಿ.

ಟೀವಿ ಮುಂದ ಖುರ್ಚಿ ಹಾಕೀನಿ. ಅದು ಅಪ್ಪಂದು, ನಿಂದಲ್ಲ.

ನಡುವ ನೆಟ್ ನಿಂತ್ರ ಅಪ್ಪ ರೂಢಿ ಮ್ಯಾಲ ಮಾಳಿಗಿಗೆ ಹೊಂಡ್ತಾನ. ಬಿಡಬ್ಯಾಡ. ಈ ಸಲ ನೀ ಏರು.

ನಿಮ್ಮಕ್ಕ ಉಮಾ