ಮಸಿ ಹತ್ತದ ಬೊಂಬೆ

ಮನೆಯಿಂದ,
ಮಾರ್ಚ್ ೧೧, ಬುಧವಾರ

ಪ್ರೀತಿಯ ದೊಡ್ಡ ಮಗನಿಗೆ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಫೋನಿನಲ್ಲಿ ಕೇಳಿದರೆ ‘ಏನಿಲ್ಲಮ್ಮಾ, ಧೂಳು ಅಷ್ಟೇ’ ಎಂದು ಹಾರಿಸಿಬಿಡುತ್ತೀಯ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಹೊಲಿಗೆ ಯಂತ್ರಕ್ಕಿಂತ ಹೆಚ್ಚು ಸದ್ದು ಮಾಡುತ್ತದೆ. ಯಂತ್ರಕ್ಕೆ ಮೋಟಾರು ಹಾಕಿಸಿಕೋ ಎಂದು ನಿನ್ನ ತಂಗಿ ಗಂಟುಬಿದ್ದಿದ್ದಾಳೆ. ಮೊದಲು ಮಂಡಿಗೆ ಹಾಕಿಸು ಎಂದೆ.

ನಿಮ್ಮ ಅಗ್ನಿಶಾಮಕ ತರಬೇತಿ ಶಾಲೆಯ ಬೊಂಬೆ ಮೊನ್ನೆ ಸೋಮವಾರ ರಿಪೇರಿಗೆ ಬಂತು. ನೀನು ‘ಏಣಿ’ ಎಂದು ಅಡ್ಡಹೆಸರಿಟ್ಟಿರುವ ನಿನ್ನ ಶಿಷ್ಯೆ ಜೀಪಿನಲ್ಲಿ ತಂದಳು. ತಲೆ ತಗ್ಗಿಸಿಯೇ ಬಾಗಿಲು ದಾಟಿದಳು, ಹೆಸರೇನೋ ಸರಿಯಾಗಿಯೇ ಇಟ್ಟಿದ್ದೀಯ. ಅರವತ್ತೈದು ಕಿಲೋ ತೂಗುವ ಆ ಕ್ಯಾನ್ವಾಸ್ ಮನುಷ್ಯನನ್ನು ಇಬ್ಬರೂ ಸೇರಿ ಮೇಜಿನ ಮೇಲೆ ಮಲಗಿಸಿದೆವು. ಹನ್ನೆರಡು ವರ್ಷದಿಂದ ನಾನೇ ಹೊಲಿಯುತ್ತಿದ್ದೇನೆ, ಅದರ ಮೈ ನನಗೆ ಗೊತ್ತು. ಬೆಂಕಿ ಹಚ್ಚಿದ ಮನೆಯೊಳಗೆ ಸಿಕ್ಕಿಬಿದ್ದವನ ಜಾಗದಲ್ಲಿ ಅದನ್ನು ಮಲಗಿಸುತ್ತೀರಿ, ಕಲಿಯುವವರು ಹುಡುಕಿ ಹೊರಗೆ ಎಳೆದು ತರುತ್ತಾರೆ. ಹಾಗಾಗಿ ಪ್ರತಿ ಸಲವೂ ಬೆನ್ನು ಸವೆದು, ಮೈಯೆಲ್ಲ ಮಸಿಯಾಗಿ ಬರುತ್ತಿತ್ತು. ಈ ಸಲ ಕಂಕುಳನ್ನು ಇಲಿ ಕಡಿದಿತ್ತು, ಅಷ್ಟೇ. ಮೂಸಿ ನೋಡಿದೆ, ಹೊಗೆಯ ವಾಸನೆಯೇ ಇಲ್ಲ. ಹಾಗಾದರೆ ಒಳಗೆ ಯಾರು ಮಲಗುತ್ತಾರೆ ಎಂದು ಕೇಳಿದೆ. ಏಣಿ ನೆಲ ನೋಡಿದಳು. ‘ಸರ್ ಅವರೇ ಮಲಗ್ತಾರೆ ಅಮ್ಮಾ. ಬೊಂಬೆ ಅಂದ್ರೆ ನಾವು ಮೈಗಳ್ಳತನ ಮಾಡ್ತೀವಂತೆ’ ಎಂದಳು.

ಬೈಯುವುದಿಲ್ಲ. ಬೈದರೆ ನಿನಗೆ ಕಿವಿ ಕೇಳಿಸುವುದಿಲ್ಲವೆಂದು ನೀನು ಮೂರನೇ ತರಗತಿಯಲ್ಲಿದ್ದಾಗಿನಿಂದ ಗೊತ್ತು. ಅಭ್ಯಾಸದ ಬೆಂಕಿಯಲ್ಲಿ ಜೀವಂತ ಮನುಷ್ಯನನ್ನು ಮಲಗಿಸಬಾರದು ಎಂಬ ನಿಯಮವನ್ನು ಗೋಡೆಯ ಮೇಲೆ ಬರೆಸಿದವನೂ ನೀನೇ ಅಂತೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂದ ಹಾಗಾಯಿತು. ಒಳಗಿರುವುದು ಮನುಷ್ಯನೆಂದರೆ ಅವರು ಬೇಗ ಓಡುತ್ತಾರೆ ಎಂಬ ನಿನ್ನ ಲೆಕ್ಕ ನನಗೆ ಅರ್ಥವಾಗದ್ದೇನಲ್ಲ. ಆದರೆ ಬೊಂಬೆ ಸುಟ್ಟುಹೋದರೆ ಇನ್ನೊಂದು ಹೊಲಿಯುತ್ತೇನೆ, ಎರಡು ದಿನದ ಕೆಲಸ. ನಿನ್ನಂಥವನನ್ನು ಇನ್ನೊಮ್ಮೆ ಹೆರುವ ವಯಸ್ಸು ನನಗಿಲ್ಲ. ನನಗೆ ಭಯವಾಗಿದೆ, ಸುತ್ತಿ ಬಳಸಿ ಹೇಳುವುದೇಕೆ. ಕಂಕುಳಿಗೆ ಎರಡು ಪದರ ಬಟ್ಟೆ ಹಾಕಿದ್ದೇನೆ. ಶುಕ್ರವಾರ ಜೀಪು ಬಂದು ಒಯ್ಯುತ್ತದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಸೊಸೆಯನ್ನೂ ಮೊಮ್ಮಗಳನ್ನೂ ಕೇಳಿದೆನೆಂದು ಹೇಳು. ನೂರು ಕಾಲ ಬಾಳು ಎಂದು ಹರಸುತ್ತೇನೆ. ಅದರಲ್ಲಿ ನಿನ್ನ ಪಾಲಿನ ಕೆಲಸವೂ ಸ್ವಲ್ಪ ಇದೆ.

ನಿನ್ನ
ಅಮ್ಮ

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಹೋದ ವಾರದ ಅಭ್ಯಾಸದಲ್ಲಿ ನೀನು, ಮೊದಲೇ ಹೇಳಿದ್ದ ಕೋಣೆ ಬಿಟ್ಟು ಬೇರೊಂದರಲ್ಲಿ ಮಲಗಿದ್ದೆಯಂತೆ. ಹುಡುಕಲು ಒಳಗೆ ಬಂದವಳು ಏಣಿ. ನೀನು ಸಿಗುವುದು ನಾಲ್ಕು ನಿಮಿಷ ತಡವಾಯಿತಂತೆ. ನೀನು ಎದ್ದು ನಕ್ಕು ಅವಳ ಬೆನ್ನು ತಟ್ಟಿದೆಯಂತೆ. ಮೊನ್ನೆ ಸೂಜಿ ದಾರ ಅವಳ ಕೈಗೆ ಕೊಟ್ಟೆ, ಪೋಣಿಸಲು ಆಗಲಿಲ್ಲ. ಕೆಲಸ ಬಿಡುತ್ತೇನೆಂದು ಬರೆದ ಕಾಗದ ಅವಳ ಜೇಬಿನಲ್ಲಿದೆ, ಬರುವ ಸೋಮವಾರ ಕೊಡುತ್ತಾಳೆ. ‘ಸರ್ ಸಿಗದೇ ಹೋಗಿದ್ರೆ ನಿಮ್ಮ ಮುಂದೆ ಬಂದು ಹೇಗೆ ನಿಲ್ತಿದ್ದೆ ಅಮ್ಮಾ’ ಎಂದು ಕೇಳಿದಳು. ಅದಕ್ಕೆ ಉತ್ತರ ನಿನ್ನ ಹತ್ತಿರ ಇದ್ದರೆ ಸೋಮವಾರದೊಳಗೆ ಹೋಗಿ ಹೇಳು.