ನೀನು ಕೊಟ್ಟ ಎಣ್ಣೆ

ಮನೆಯಿಂದ,
ಭಾನುವಾರ, ಮಾರ್ಚ್ ೯

ನನ್ನ ಪ್ರೀತಿಯ ದೊಡ್ಡ ಮಗಳೇ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತಾ? ಪ್ರಯೋಗಾಲಯದಲ್ಲೇ ಬಿಸ್ಕತ್ತು ತಿಂದು ದಿನ ನೂಕುತ್ತಿದ್ದೀಯೆಂದು ನಿನ್ನ ತಂಗಿ ಹೇಳಿದಳು. ನನಗಂತೂ ಜ್ವರ ಬಿಟ್ಟಿದೆ, ಕೈಕಾಲಿಗೆ ತ್ರಾಣ ಬಂದಿದೆ. ಮನಸ್ಸು ಮಾತ್ರ ಸರಿಯಿಲ್ಲ.

ನೀನು ಕಂಡುಹಿಡಿದ ಯಂತ್ರದ ಎಣ್ಣೆಗೆ ಬಹುಮಾನ ಬಂತಂತೆ, ಸಂತೋಷ. ಬೀಜದ ಎಣ್ಣೆ, ಅದರೊಳಗೆ ಭತ್ತದ ಹೊಟ್ಟಿನ ಬೂದಿಯಿಂದ ತೆಗೆದ, ಕಣ್ಣಿಗೆ ಕಾಣದ ನ್ಯಾನೋ ಕಣ; ಮಣ್ಣಿಗೆ ಬಿದ್ದರೂ ವಿಷವಲ್ಲ, ಲೋಹಕ್ಕೆ ಲೋಹ ಉಜ್ಜಿದರೂ ಸವೆಯುವುದಿಲ್ಲ ಎಂದು ನೀನು ಹೇಳಿದಾಗ ನಾನೇ ಕಾರ್ಖಾನೆ ಮಾಲೀಕರ ಕೈಕಾಲು ಹಿಡಿದು, ಲೋಹ ಕಡೆಯುವ ನನ್ನ ಲೇತಿಗೆ ಹಾಕಿಸಿದೆ. ಆರು ತಿಂಗಳು ಅದು ಸದ್ದಿಲ್ಲದೆ ನುಣ್ಣಗೆ ತಿರುಗಿತು, ಸುಳ್ಳು ಹೇಳಬಾರದು. ಮಧ್ಯೆ ಏನೋ ಹೇಳಬೇಕೆಂದು ಫೋನ್ ಮಾಡಿದರೆ, "ಅಮ್ಮಾ, ನಿಂಗೆ ಅದೆಲ್ಲ ಅರ್ಥ ಆಗಲ್ಲ. ಎಣ್ಣೆ ಹಾಕು, ತಾರೀಕು ಬರಿ, ಸಾಕು" ಅಂದೆ. ಇಪ್ಪತ್ತೆರಡು ವರ್ಷ ಲೇತಿನ ಮುಂದೆ ನಿಂತು ನಿನ್ನನ್ನು ಓದಿಸಿದವಳಿಗೆ! ಆಯ್ತಮ್ಮಾ ಮಹಾರಾಯ್ತಿ ಎಂದು ಬಾಯಿ ಮುಚ್ಚಿಕೊಂಡು ತಾರೀಕು ಬರೆದೆ.

ಆಮೇಲೆ ನಾನು ಐದು ದಿನ ಜ್ವರದಲ್ಲಿ ಮಲಗಿದೆ. ನನ್ನ ಲೇತ್ ನೋಡಿಕೊಂಡವರು ಪಕ್ಕದ ಮೆಷಿನ್ನಿನ ಮೀಸೆ ಮಾವ. ನೀನು ಚಿಕ್ಕವಳಿದ್ದಾಗ ಹೆಗಲ ಮೇಲೆ ಕೂರಿಸಿಕೊಂಡು ಕಾರ್ಖಾನೆಯೆಲ್ಲ ಸುತ್ತಿಸುತ್ತಿದ್ದರಲ್ಲ, ಅವರೇ. ಐದನೆಯ ದಿನ ಬೇರಿಂಗ್ ಸುಟ್ಟು ಲೇತ್ ಕಚ್ಚಿಕೊಂಡು ನಿಂತಿತು. ಮಾಲೀಕರು ನಿನ್ನನ್ನು ಕೇಳಿದರು. ನೀನು ಬಂದು ನೋಡಲೂ ಇಲ್ಲ. "ಎಣ್ಣೆಯಲ್ಲಿ ದೋಷವಿಲ್ಲ, ಹಾಕಿದವರು ಕಸ ಬೀಳಿಸಿರಬೇಕು" ಎಂದು ಎರಡು ಸಾಲು ಬರೆದು ಕಳಿಸಿದೆ. ಆ ಎರಡು ಸಾಲಿಗೆ ಮೀಸೆ ಮಾವನ ಕೆಲಸ ಹೋಯಿತು. ಮೊನ್ನೆ ಬೀದಿಯಲ್ಲಿ ಸಿಕ್ಕಿ, "ಅಷ್ಟು ಬೇಜವಾಬ್ದಾರಿ ಮನುಷ್ಯನೇನಮ್ಮಾ ನಾನು?" ಅಂದರು. ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಸಿಟ್ಟು ಬರುತ್ತದೆ ಮಗಳೇ, ನಿನ್ನ ಮೇಲೂ, ನನ್ನ ಮೇಲೂ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಸಿಟ್ಟಿನಲ್ಲಿ ಬರೆದಿದ್ದೇನೆ, ಆದರೂ ನಿನಗೆ ಒಳ್ಳೆಯದೇ ಆಗಲಿ.

ನಿನ್ನ
ಅಮ್ಮ

ತಾ.ಕ.: ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಕೈ ಏಳಲಿಲ್ಲ. ನಿನ್ನ ಎಣ್ಣೆ ಒಂದು ದಿನ ಅಲ್ಲಾಡದಿದ್ದರೆ ಡಬ್ಬಿಯ ತಳದಲ್ಲಿ ಆ ಬೂದಿಯ ಕಣವೆಲ್ಲ ಗಸಿಯಾಗಿ ಕೂರುತ್ತದೆ. ಹಿಂದೆ ನಿನಗೆ ಕೆಮ್ಮಿನ ಔಷಧ ಕುಲುಕಿ ಕುಡಿಸುತ್ತಿದ್ದ ಹಾಗೆ, ಆರು ತಿಂಗಳು ದಿನಾ ಬೆಳಗ್ಗೆ ಕುಲುಕಿಯೇ ಹಾಕಿದೆ. ಅದನ್ನು ಹೇಳಲೆಂದೇ ಅವತ್ತು ಫೋನ್ ಮಾಡಿದ್ದು. ನಿನ್ನ ಮರ್ಯಾದೆ ಉಳಿಯಲಿ ಎಂದು ಮೀಸೆ ಮಾವನಿಗೂ ಹೇಳಲಿಲ್ಲ. ಪಾಪ, ಅವರು ತಿಳಿಯದೆ ತಳದ ಗಸಿಯನ್ನೇ ಸುರಿದರು, ಎಣ್ಣೆ ಇಳಿಯುವ ತೂತು ಕಟ್ಟಿಕೊಂಡಿತು. ನಾಳೆ ಮಾಲೀಕರಿಗೆ ಎಲ್ಲ ಹೇಳುತ್ತೇನೆ. ನಿನ್ನ ಬಹುಮಾನ ಹೋದೀತು, ಗೊತ್ತು. ಈ ಪತ್ರ ನಿನ್ನ ಕೈ ಸೇರುವ ಹೊತ್ತಿಗೆ ಹೇಳಿ ಆಗಿರುತ್ತದೆ, ತಡೆಯಲು ಫೋನ್ ಮಾಡಬೇಡ.