ಮೊರದ ಮೇಲಿನ ಸ್ಕ್ರೂಗಳು

ಮಸ್ಕಿ
ಆಗಸ್ಟ್ ೯, ೨೦೨೫

ಪ್ರೀತಿಯ ಲಕ್ಷ್ಮಣಣ್ಣಾ,

ಮೊಣಕಾಲು ನೋವು ಹೇಗಿದೆ? ಅಂಗಡಿಯಲ್ಲಿ ಮೋಟಾರಿಗೆ ತಂತಿ ಸುತ್ತುವಾಗ ಇನ್ನೂ ನೆಲದ ಮೇಲೇ ಕೂರುತ್ತೀಯೋ, ಸ್ಟೂಲು ಮಾಡಿಸಿಕೊಂಡೆಯೋ? ಅವ್ವ ನನ್ನ ಹತ್ತಿರ ಆರಾಮ ಇದ್ದಾಳೆ. ಕಿವಿ ಮಾತ್ರ ಮಂದ. ಬೈಯುವುದಕ್ಕೆ ಕಿವಿ ಬೇಕಿಲ್ಲವಲ್ಲ, ಅದು ಸಾಗಿದೆ. ಫೋನು ಮಾಡಬಹುದಿತ್ತು, ಆದರೆ ನೀನು ‘ಹ್ಞೂಂ, ಆರಾಮ’ ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ.

ನನ್ನ ಮಗಳು ಸುಕನ್ಯಾಗೆ ಸಿಇಟಿಯಲ್ಲಿ ಒಳ್ಳೇ ರ‍್ಯಾಂಕು ಬಂತು. ಇಂಜಿನಿಯರಿಂಗ್ ಕಾಲೇಜು ಆರಿಸುವಾಗ ಮಾತ್ರ ನನ್ನ ಜೀವ ಹಿಂಡಿದಳು. ಮೊದಲು ನೋಡಿದ ಕಾಲೇಜಿನಲ್ಲಿ ಗಾಜಿನ ಬಾಗಿಲು, ಕಾರಂಜಿ, ಎಲ್ಲ ಇತ್ತು. ನಾನು ಮರುಳಾದೆ. ಇವಳು ಲ್ಯಾಬಿಗೆ ಹೋಗಿ ನೋಡಿದರೆ ಯಂತ್ರಗಳ ಮೇಲೆ ಹೋದ ವರ್ಷದ ಆಯುಧಪೂಜೆಯ ಕುಂಕುಮ ಹಾಗೇ ಇತ್ತು. ‘ಯವ್ವಾ, ಇವನ್ನ ಯಾರೂ ಮುಟ್ಟೇ ಇಲ್ಲ. ನನಗ ಹುಚ್ಚು ಹಿಡದೋರು ಇರೋ ಕಾಲೇಜ ಬೇಕು’ ಎಂದಳು. ‘ನಿನಗ ಹಿಡದದ್ದು ಸಾಲದೇನ ಬೇ’ ಎಂದು ಬೈದೆ.

ಆ ಹುಚ್ಚಿನವರು ಸಿಕ್ಕಿದ್ದು ನಿಮ್ಮ ಹುಬ್ಬಳ್ಳಿಯಲ್ಲಿ. ಹಳೇ ಕಟ್ಟಡ, ಸುಣ್ಣ ಉದುರಿದ ಗೋಡೆ. ಕ್ಯಾಂಟೀನಿನಲ್ಲಿ ಏಳೆಂಟು ಹುಡುಗ ಹುಡುಗಿಯರು ಕೂಗಾಡುತ್ತಿದ್ದರು. ಜಗಳ ಬಿದ್ದಿದೆ ಎಂದು ನಾನು ಸುಕನ್ಯಾಳ ಕೈ ಹಿಡಿದು ಎಳೆದೆ. ನೋಡಿದರೆ ಟೇಬಲ್ಲಿನ ಮೇಲೆ ಬಿಚ್ಚಿದ ಫ್ಯಾನು. ಅದು ಯಾಕೆ ನಿಧಾನ ತಿರುಗುತ್ತದೆ ಎಂಬುದೇ ವಾದ. ಚಹಾ ಆರಿಹೋಗಿದ್ದರೂ ಯಾರಿಗೂ ಖಬರಿಲ್ಲ. ಒಬ್ಬಳು ಸ್ಕ್ರೂಗಳನ್ನು ಊಟದ ತಟ್ಟೆಯಲ್ಲಿ, ಬಿಚ್ಚಿದ ಸಾಲಿನಲ್ಲೇ ಇಟ್ಟಿದ್ದಳು. ಅಣ್ಣಾ, ನನಗೆ ಅಲ್ಲೇ ಅಳು ಬಂತು. ಸುಕನ್ಯಾ ಆಗಲೇ ಕುರ್ಚಿ ಎಳೆದುಕೊಂಡು ಅವರ ನಡುವೆ ಕೂತಿದ್ದಳು.

ಪಾಮನಕಲ್ಲೂರಿನ ಮನೆಯಲ್ಲಿದ್ದ ಅಪ್ಪನ ರೇಡಿಯೊ ನೆನಪಿದೆಯಾ? ನೀನು ಬಿಚ್ಚಿಕೊಟ್ಟ ಸ್ಕ್ರೂಗಳು ಉರುಳದಿರಲೆಂದು ನಾನು ಮೊರದಲ್ಲಿ ಜೋಳ ಹರಡಿ ಅದರ ಮೇಲೆ ಸಾಲಾಗಿ ಇಡುತ್ತಿದ್ದೆ. ‘ಸಾಲು ತಪ್ಪಿದ್ರ ರೇಡಿಯೊ ಸತ್ತಂಗ, ಪಂಪೀ’ ಎಂದು ನೀನು ಹೇಳುತ್ತಿದ್ದೆ. ನಾವು ನೀರು ಕುಡಿಯಲು ಎದ್ದಾಗ ಅವ್ವ ಆ ಜೋಳವನ್ನು ಚೀಲಕ್ಕೆ ಸುರಿದು ಗಿರಣಿಗೆ ಕಳಿಸಿಬಿಟ್ಟಳಲ್ಲ! ಗಿರಣಿಯ ಬಂದೇಸಾಬ ಮುಷ್ಟಿಯಲ್ಲಿ ಸ್ಕ್ರೂ ಹಿಡಿದು ಬಾಗಿಲಿಗೇ ಬಂದು ಅವ್ವನನ್ನು ಕೇಳಿದ: ‘ಏನವ್ವಾ ಗದ್ದೆಮ್ಮಾ, ಈ ವರ್ಷ ನಿಮ್ಮ ಹೊಲದಾಗ ಜ್ವಾಳದ ಜೋಡಿ ಕಬ್ಬಿಣಾನೂ ಬೆಳದೈತೇನ?’ ಏಟು ತಿಂದವನು ನೀನೊಬ್ಬನೇ. ನನ್ನ ಹೆಸರು ಹೇಳಲಿಲ್ಲ. ಮೂರು ಸ್ಕ್ರೂ ಕಡಿಮೆಯಿದ್ದರೂ ರೇಡಿಯೊ ಮತ್ತೆ ಹಾಡಿತು.

ಮುಂದೆ ನೀನು ನನಗೆಂದು ಇಂಜಿನಿಯರಿಂಗ್ ಕಾಲೇಜಿನ ಫಾರಂ ತಂದಾಗಲೂ ಅಪ್ಪನ ಬೈಗಳು ನಿನ್ನ ಪಾಲಿಗೇ ಬಂದವು. ನನ್ನ ಮದುವೆ ಗೊತ್ತಾಗಿತ್ತು. ‘ನೀನ ಹೇಳ ಪಂಪೀ, ಓದತೀಯೋ ಇಲ್ಲೋ?’ ಎಂದು ನೀನು ಎಲ್ಲರೆದುರು ಕೇಳಿದೆ. ‘ನನಗ ಬ್ಯಾಡ’ ಎಂದೆ ನಾನು. ನೀನು ಫಾರಂ ಹರಿದುಹಾಕಿ ಊರು ಬಿಟ್ಟೆ. ಇಪ್ಪತ್ತೆರಡು ವರ್ಷವಾಯಿತು. ಅಪ್ಪನ ಮಣ್ಣಿಗೆ ಬಂದೆ, ನಾಗರ ಪಂಚಮಿ ಹಬ್ಬಕ್ಕೆ ಒಮ್ಮೆಯೂ ನನ್ನನ್ನು ಕರೆದೊಯ್ಯಲು ಬರಲಿಲ್ಲ. ಮೊನ್ನೆಯ ಪಂಚಮಿಯೂ ಹಾಗೇ ಹೋಯಿತು.

ಹುಬ್ಬಳ್ಳಿಗೆ ಬಂದ ದಿನ ನಿನ್ನ ಅಂಗಡಿಯ ಎದುರಿನ ಬಸ್‌ಸ್ಟಾಪಿನವರೆಗೂ ಬಂದಿದ್ದೆ. ನೀನು ಆಚೆ ತಿರುಗಿ ಯಾವುದೋ ಪಂಪು ಬಿಚ್ಚುತ್ತಿದ್ದೆ. ತಲೆ ಎಷ್ಟು ಬೆಳ್ಳಗಾಗಿದೆ! ಮುಖ ತೋರಿಸುವ ಧೈರ್ಯವಾಗದೆ ಬಸ್ಸು ಹತ್ತಿದೆ. ಸಿಟ್ಟು ಮಾಡಬೇಡ.

ಅತ್ತಿಗೆಗೆ ನಮಸ್ಕಾರ ಹೇಳು. ನಿನ್ನ ಕೈಯ ಕಸುವು ಹಾಗೇ ಇರಲಿ.

ನಿನ್ನ ತಂಗಿ,
ಪಂಪಾವತಿ

ತಾ.ಕ.: ಬಳಗಾನೂರಿನ ಬಸ್ಸು ಬರುವ ಹೊತ್ತಾಯಿತು, ಹೋಗಿ ಅಂಗನವಾಡಿ ತೆರೆಯಬೇಕು. ಸುಕನ್ಯಾಗೆ ಆ ಕಾಲೇಜಿನಲ್ಲೇ ಸೀಟು ಸಿಕ್ಕಿದೆ. ಹಾಸ್ಟೆಲಿನ ಫಾರಂನಲ್ಲಿ ಹುಬ್ಬಳ್ಳಿಯಲ್ಲಿರುವ ಪೋಷಕರ ಹೆಸರು ಕೇಳಿದ್ದಾರೆ. ನಿನ್ನನ್ನು ಕೇಳದೇ ನಿನ್ನ ಹೆಸರು ಬರೆದಿದ್ದೇನೆ. ಹದಿನೆಂಟನೇ ತಾರೀಖು ಸೋಮವಾರ ಹತ್ತಕ್ಕೆ ಕಾಲೇಜಿಗೆ ಬಂದು ಸಹಿ ಹಾಕು. ಈ ಫಾರಂ ಹರಿಯಬೇಡ, ಅಣ್ಣಾ. ಅವತ್ತು ನಾನು ಬ್ಯಾಡ ಎಂದದ್ದು ಸುಳ್ಳು.